ಕಡತದ ಮಡಿಕೆಯಿಂದ ಹಬ್ಬದ ಶುಭಾಶಯ ಪತ್ರ

(ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ರೈತರಿಗೂ ಮಹಿಳಾ ಸಂಘದವರಿಗೂ ಮಾಡಿದ ಭಾಷಣ)



ರಾಗಿ ಕೊಯ್ಲು ಹತ್ತಿರ ಬರುತ್ತಿರುವಾಗ ಕಾಗದ ಮಡಿಸುವ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕೊಯ್ಲು ಮುಗಿದು ಕಣ ಮಾಡುವ ಹೊತ್ತಿಗೆ ಸಂಕ್ರಾಂತಿ ಬಾಗಿಲಿಗೆ ಬಂದು ನಿಂತಿರುತ್ತದೆ. ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಆದುದರಿಂದ ಹಬ್ಬದ ಪತ್ರಗಳನ್ನು ಮಡಿಸಿಡುವ ಕೆಲಸ ಕೊಯ್ಲಿಗೆ ಮೊದಲೇ ಮುಗಿಯಬೇಕು. ಬರೆಯುವುದನ್ನು ಆಮೇಲೆ ಬರೆಯಬಹುದು.

ನಮ್ಮ ಹಳ್ಳಿಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋದ ಮಗನೋ ಮಗಳೋ ಇಲ್ಲದ ಮನೆ ಕಡಿಮೆ. ಹಬ್ಬದ ದಿನ ಅವರ ಫೋನಿಗೆ ನೂರು ಚಿತ್ರಗಳು ಬರುತ್ತವೆ. ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುತ್ತಾರೆ. ಸಂಜೆಗೆ ಯಾವುದು ಯಾರದೆಂಬ ನೆನಪೂ ಇರುವುದಿಲ್ಲ. ತಾಯಿ ಮಡಿಸಿ, ತಂಗಿ ಚಿತ್ರ ಬರೆದು, ತಂದೆ ಎರಡು ಸಾಲು ಗೀಚಿದ ಪತ್ರ ಹಾಗಲ್ಲ. ಅದು ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಅಚ್ಚಿನ ಕ್ರಿಸ್‌ಮಸ್ ಪತ್ರ ಹುಟ್ಟಿದ್ದೇ ಬಿಡುವಿಲ್ಲದವರಿಗಾಗಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬುವರು ಎಲ್ಲ ಸ್ನೇಹಿತರಿಗೂ ಬೇರೆ ಬೇರೆ ಕಾಗದ ಬರೆಯಲು ಸಮಯ ಸಾಲದೆ ಕ್ರಿಸ್‌ಮಸ್ ಪತ್ರವೊಂದನ್ನು ಅಚ್ಚು ಹಾಕಿಸಿದರು. ನಾವು ಈಗ ಮಾಡಹೊರಟಿರುವುದು ಅದಕ್ಕೆ ತಿರುಗುಮುರುಗು: ಸಮಯವನ್ನೇ ಕಾಗದದಲ್ಲಿ ಮಡಿಸಿ ಕಳುಹಿಸುವುದು.

ಕಾಗದದ ಮಡಿಕೆ ಎಂದರೆ ಎಲ್ಲರೂ ಜಪಾನಿನ ಕಡೆ ನೋಡುತ್ತಾರೆ. ಜಪಾನೀಯರ ಕೈಚಳಕ ದೊಡ್ಡದೇ. ಆದರೆ ನಮ್ಮ ನಾಡಿನಲ್ಲೂ ಒಂದು ಮಡಿಕೆ ಇತ್ತು. ಅದರ ಹೆಸರು ಕಡತ. ಈಗ ಕಚೇರಿಯಲ್ಲಿ "ಕಡತ ಮೇಲಕ್ಕೆ ಹೋಗಿದೆ" ಎಂದು ಹೇಳಿ ನಮ್ಮನ್ನು ಹಿಂದಕ್ಕೆ ಕಳುಹಿಸುತ್ತಾರಲ್ಲ, ಆ ಮಾತು ಬಂದದ್ದು ಇದರಿಂದಲೇ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಯ ಎರಡು ಮೈಗೂ ಬಳಿದು, ಒಣಗಿಸಿ, ಸೀರೆಯ ನೆರಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಸುತ್ತಿದ್ದರು. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬುವರು 1810ರಲ್ಲಿ ಹೊರಬಂದ ತಮ್ಮ ಚರಿತ್ರೆಯ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಬಟ್ಟೆಯ ಅಗಲ 8 ಅಂಗುಲದಿಂದ ಒಂದಡಿ, ಉದ್ದ 12ರಿಂದ 18 ಅಡಿ. ಕತ್ತರಿಸದೆಯೇ ಪುಟಗಳಾಗಿ ಮಡಿಸಿ, ಎರಡು ತುದಿಗೂ ಅಲಂಕಾರದ ಹಲಗೆ ಕಟ್ಟುತ್ತಿದ್ದರಂತೆ. ಶೃಂಗೇರಿ ಮಠದ ಹಳೆಯ ವ್ಯವಹಾರಗಳು ನಮಗೆ ತಿಳಿದಿರುವುದು ಅಲ್ಲಿನ ಕಡತಗಳಿಂದ.

ಈ ಕಡತವನ್ನೇ ಚಿಕ್ಕದು ಮಾಡಿದರೆ ಅಂದವಾದ ಹಬ್ಬದ ಪತ್ರವಾಗುತ್ತದೆ.

ಬೇಕಾದ ಸಾಮಾನು: ದಪ್ಪನೆಯ ಡ್ರಾಯಿಂಗ್ ಹಾಳೆ, ಅಡಿಕೋಲು, ಕತ್ತರಿ, ಮಸಿ ಮುಗಿದ ಬಾಲ್‌ಪೆನ್ನು, ಒಂದು ಚಮಚ, ಹಳೆಯ ಲಗ್ನಪತ್ರಿಕೆಯ ರಟ್ಟು, ಅಂಟು. ಅಂಟಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ತುಮಕೂರು ಹುಣಸೆಹಣ್ಣಿನ ಪೇಟೆ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ನೀರಿನಲ್ಲಿ ಕುದಿಸಿದರೆ ಒಳ್ಳೆಯ ಸರಿ ಸಿದ್ಧ. ಅಂದಂದಿನದನ್ನು ಅಂದೇ ಮಾಡಿಕೊಳ್ಳಿ, ಇಟ್ಟರೆ ಹಳಸುತ್ತದೆ.

ಮಾಡುವ ಕ್ರಮ ಹೀಗೆ:

1. ಮೊದಲು ನಾರಿನ ದಿಕ್ಕು ನೋಡಿ. ಸೌದೆ ಸೀಳುವಾಗ ನಾರಿನುದ್ದಕ್ಕೆ ಸೀಳಿದರೆ ಸಲೀಸು, ಅಡ್ಡಲಾದರೆ ಕಷ್ಟ. ಯಂತ್ರದಲ್ಲಿ ತಯಾರಾದ ಕಾಗದವೂ ಹಾಗೆಯೇ. ಅದರ ನಾರು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತದೆ. ಹಾಳೆಯನ್ನು ಮುರಿಯದಂತೆ ಎರಡು ಕಡೆಗೂ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುವುದೋ ಆ ಕಡೆಗೇ ಮಡಿಕೆ ಬರುವಂತೆ ಕತ್ತರಿಸಬೇಕು. ಇಲ್ಲವಾದರೆ ಮಡಿಕೆ ಒಡೆದು ಬಿರುಕು ಬಿಡುತ್ತದೆ.

2. ಉದ್ದ 42 ಸೆಂ.ಮೀ., ಅಗಲ 14 ಸೆಂ.ಮೀ. ಇರುವ ಪಟ್ಟಿ ಕತ್ತರಿಸಿ, 7 ಸೆಂ.ಮೀ.ಗೊಂದರಂತೆ ಗುರುತು ಹಾಕಿ. ಆರು ಪುಟ, ಐದು ಮಡಿಕೆ ಆಗುತ್ತದೆ. ಪುಟಗಳು ಸಮಸಂಖ್ಯೆಯಲ್ಲಿರಬೇಕು. ಆಗ ಎರಡು ರಟ್ಟೂ ಪಟ್ಟಿಯ ಒಂದೇ ಮೈಗೆ ಬರುತ್ತವೆ. ಇನ್ನೊಂದು ಮೈ ಪೂರ್ತಿಯಾಗಿ ಬರೆಯಲು ಉಳಿಯುತ್ತದೆ.

3. ಗುರುತಿನ ಮೇಲೆ ಅಡಿಕೋಲಿಟ್ಟು ಮಸಿಯಿಲ್ಲದ ಪೆನ್ನಿನಿಂದ ಹಗುರವಾಗಿ ಗೀರಿ. ಕಾಗದದ ಮೈ ಹರಿಯಬಾರದು. ಬರೆಯುವ ಮೈ ನಿಮ್ಮ ಕಡೆಗಿರಲಿ. ಒಂದು, ಮೂರು, ಐದನೆಯ ಮಡಿಕೆ ಒಳಕ್ಕೆ. ಎರಡು, ನಾಲ್ಕನೆಯದು ಹೊರಕ್ಕೆ. ನೆರಿಗೆ ಹಿಡಿಯಬಲ್ಲ ಕೈಗೆ ಇದನ್ನು ಕಲಿಸಬೇಕಾಗಿಲ್ಲ. ಪ್ರತಿ ಮಡಿಕೆಯನ್ನೂ ಚಮಚದ ಬೆನ್ನಿನಿಂದ ಉಜ್ಜಿ.

4. ಎರಡು ತುದಿಯ ಪುಟಗಳ ಹೊರಮೈಗೆ 7 × 14 ಸೆಂ.ಮೀ. ರಟ್ಟು ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡಿ. ಸೋನೆ ಹಿಡಿದ ದಿನ ಈ ಕೆಲಸ ಬೇಡ. ಕಾಗದ ತೇವ ಕುಡಿದು ಸೊಟ್ಟಗಾಗುತ್ತದೆ.

ಎತ್ತು ಎದ್ದು ನಿಲ್ಲಬೇಕೆಂಬ ಆಸೆ ಮಕ್ಕಳಿಗಿದ್ದರೆ ಅದೂ ಸಾಧ್ಯ. ರಟ್ಟು ಅಂಟಿಸುವ ಮೊದಲು, ಮೂರನೆಯ ಮಡಿಕೆಯನ್ನು ಮಡಿಸಿ ಹಿಡಿದು, ಅದರ ಅಂಚಿನಿಂದ ಒಳಕ್ಕೆ ಎರಡೂವರೆ ಸೆಂ.ಮೀ. ಉದ್ದದ ಎರಡು ಸೀಳು ಕತ್ತರಿಸಿ. ಒಂದಕ್ಕೊಂದು ಎರಡು ಸೆಂ.ಮೀ. ದೂರವಿರಲಿ. ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ ಮಡಿಸಿದರೆ, ಪತ್ರ ತೆರೆದಾಗ ಅದು ಮೆಟ್ಟಿಲಿನಂತೆ ಮುಂದೆ ಬರುತ್ತದೆ. ಅದರ ಮೇಲೆ ಎತ್ತಿನದೋ ಕಬ್ಬಿನ ಜಲ್ಲೆಯದೋ ಚಿಕ್ಕ ಚಿತ್ರ ಅಂಟಿಸಿ. ಸೀಳು ಪುಟದ ಅಗಲದ ಅರ್ಧವನ್ನು ಮೀರಬಾರದು. ಮೀರಿದರೆ ಪತ್ರ ಮುಚ್ಚಿದಾಗ ತುದಿ ಹೊರಗೆ ಇಣುಕುತ್ತದೆ.

ಇನ್ನು ಅಂಚೆಯ ವಿಷಯ. ಸಾದಾ ಕಾಗದದ ಮೊದಲ ದರ ಬಹುಕಾಲದಿಂದ 20 ಗ್ರಾಂ ತೂಕಕ್ಕೆ ನಡೆದು ಬಂದಿದೆ. ಚದರ ಮೀಟರಿಗೆ 150 ಗ್ರಾಂ ತೂಗುವ ಹಾಳೆಯಾದರೆ ನಮ್ಮ ಪಟ್ಟಿಗೆ ಸುಮಾರು 9 ಗ್ರಾಂ. 300 ಗ್ರಾಮಿನ ರಟ್ಟಾದರೆ ಎರಡಕ್ಕೂ ಸೇರಿ 6 ಗ್ರಾಂ. ತೆಳು ಕಾಗದದ ಲಕೋಟೆಗೆ 3 ಗ್ರಾಂ. ಒಟ್ಟು 18. ಮಣಿ, ಮಿಂಚು, ಗುಂಡಿಗಳನ್ನು ಹೇರಿದರೆ ತೂಕ ಮೀರುತ್ತದೆ; ಮುದ್ರೆ ಬೀಳುವಾಗ ಅವು ಉಳಿಯುವುದೂ ಇಲ್ಲ. ಮಾದರಿಯೊಂದನ್ನು ಅಂಚೆ ಕಚೇರಿಯಲ್ಲಿ ತೂಗಿಸಿ ನೋಡಿ ಆಮೇಲೆ ಉಳಿದವನ್ನು ಮಾಡಿ.

ಇದನ್ನು ಮಾರಿ ಸಂಪಾದಿಸಬಹುದೇ ಎಂದು ಸಂಘದವರು ಕೇಳುವುದು ಸಹಜ. ಲೆಕ್ಕ ಹಾಕೋಣ. ಒಬ್ಬರು ಗಂಟೆಗೆ ಮೂರು ಪತ್ರ ಮಾಡುತ್ತಾರೆಂದೂ, ಅವರ ಗಂಟೆಯ ಕೂಲಿ 60 ರೂಪಾಯಿ ಎಂದೂ, ಪತ್ರವೊಂದರ ಸಾಮಾನಿಗೆ 5 ರೂಪಾಯಿ ಎಂದೂ ಇಟ್ಟುಕೊಳ್ಳಿ. ಒಂದು ಪತ್ರಕ್ಕೆ 25 ರೂಪಾಯಿ ಬೀಳುತ್ತದೆ. ಅದನ್ನು 15ಕ್ಕೆ ಕೊಟ್ಟರೆ ನಿಮ್ಮ ಕೈಗೆ ಬಂದದ್ದು ಗಂಟೆಗೆ 30 ರೂಪಾಯಿ ಮಾತ್ರ. "ಮನೆಯಲ್ಲಿ ಸುಮ್ಮನೆ ಕೂತಿದ್ದೆವಲ್ಲ, ಬಂದದ್ದೇ ಲಾಭ" ಎನ್ನಬೇಡಿ. ಹೆಂಗಸರ ಕೆಲಸಕ್ಕೆ ಬೆಲೆಯಿಲ್ಲ ಎಂಬ ಮಾತು ಶುರುವಾಗುವುದು ಹೀಗೆಯೇ. ಆದುದರಿಂದ ಇದಕ್ಕೆಂದು ಸಾಲ ತೆಗೆಯಬೇಡಿ, ಯಂತ್ರ ಕೊಳ್ಳಬೇಡಿ, ರಾಶಿ ಹಾಕಿ ಗಿರಾಕಿಗೆ ಕಾಯಬೇಡಿ. ಹತ್ತು ಮಾದರಿ ಮಾಡಿ ಶಾಲೆಗೆ, ನಾಮಕರಣದ ಮನೆಗೆ, ಮದುವೆಯ ಮನೆಗೆ ತೋರಿಸಿ. ಕೇಳಿದವರಿಗೆ ಕೇಳಿದಷ್ಟು ಮಾಡಿಕೊಡಿ. ಶಿವರಾತ್ರಿಯ ಕಾಲಕ್ಕೆ ಸಿದ್ಧಗಂಗೆಯ ಜಾತ್ರೆಯಲ್ಲಿ ವಸ್ತುಪ್ರದರ್ಶನ ನಡೆಯುತ್ತದೆ. ಯಾವ ಕೈಕೆಲಸಕ್ಕೆ ಜನ ನಿಲ್ಲುತ್ತಾರೆ, ಏನು ಬೆಲೆ ಕೊಡುತ್ತಾರೆ ಎಂದು ಅಲ್ಲಿ ಕಣ್ಣಾರೆ ನೋಡಿ ಬನ್ನಿ.

ಕೊನೆಯದಾಗಿ, ಪುಟದ ಮೇಲೆ ಏನು ಬರೆಯಬೇಕು? ಎಳ್ಳು ಬೆಲ್ಲದ ಮಾತು ಒಂದು ಪುಟಕ್ಕೆ ಸಾಕು. ಉಳಿದ ಐದರಲ್ಲಿ ಊರಿನ ಸಮಾಚಾರ ಬರೆಯಿರಿ: ರಾಗಿ ಎಷ್ಟು ಪಲ್ಲವಾಯಿತು, ಯಾವ ಹಸು ಕರು ಹಾಕಿತು, ತೆಂಗಿನ ಕಾಯಿಗೆ ಏನು ಬೆಲೆ, ಕೆರೆಗೆ ನೀರು ಎಲ್ಲಿಯವರೆಗೆ ಬಂದಿದೆ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ, ಮಡಿಕೆ ನೆಟ್ಟಗಿರಲಿ. ಓದು ಬಾರದ ಅಜ್ಜಿಯೂ ಒಂದು ಪುಟದಲ್ಲಿ ರಂಗೋಲಿ ಎಳೆಯಲಿ. ಈ ವಾರವೇ ಪ್ರತಿ ಮನೆಯಲ್ಲೂ ಒಂದಾದರೂ ಪತ್ರ ಮಡಿಸಿ ನೋಡಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.