ಹಾಡಿನಿಂದ ಹೊತ್ತಗೆಗೆ



ಶಾಲೆಗೆ ನೂರು ತುಂಬಿದ ಈ ಶುಭಸಂದರ್ಭದಲ್ಲಿ, ಪುಸ್ತಕಗಳಿಂದ ಹೊರಟು ಜನರ ನಾಲಗೆಯ ಮೇಲೆ ನೆಲೆಸಿದ ಹಾಡುಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ನಮ್ಮ ನೆರೆಯಿಂದಲೇ ಆರಂಭಿಸೋಣ. ನಾಮಕ್ಕಲ್ ಕವಿಯೆಂದೇ ಹೆಸರಾದ ವಿ. ರಾಮಲಿಂಗಂ ಪಿಳ್ಳೆಯವರ ತಮಿಳು ಕಾದಂಬರಿ ‘ಮಲೈಕ್ಕಳ್ಳನ್’. ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೋ 1954ರಲ್ಲಿ ಅದನ್ನು ಚಲನಚಿತ್ರವಾಗಿಸಿತು. ಅದರಲ್ಲಿ ಟಿ.ಎಂ. ಸೌಂದರರಾಜನ್ ಹಾಡಿದ ಗೀತೆ ಮನೆಮಾತಾಯಿತು. 1957ರಲ್ಲಿ ಅದೇ ಕಥೆ ‘ಬೆಟ್ಟದ ಕಳ್ಳ’ನಾಗಿ ಕನ್ನಡಕ್ಕೂ ಬಂದಿತು. ಆದರೆ ಹಾಡನ್ನು ಬಲ್ಲವರೆಲ್ಲರೂ ಅದರ ಹಿಂದಿನ ಕಾದಂಬರಿಯನ್ನು ಬಲ್ಲವರಲ್ಲ.

ಕನ್ನಡದಲ್ಲಿಯೂ ಹೀಗೆಯೇ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ಅರ್ಧ ಶತಮಾನದ ಬಳಿಕ ಟಿ.ಎಸ್. ನಾಗಾಭರಣರು ಅದರ ಕವಿತೆಗಳನ್ನೇ ಎಳೆಯಾಗಿಸಿಕೊಂಡು ಚಲನಚಿತ್ರವೊಂದನ್ನು ನೇಯ್ದರು, ಸಿ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಆ ಕವಿತೆಗಳು ಓದು ಬಾರದವರ ಮನೆಯನ್ನೂ ತಲುಪಿದವು.

ಜಿ.ಪಿ. ರಾಜರತ್ನಂ ಅವರ ರತ್ನನನ್ನು ನೋಡಿ. ಅವನು ಕುಡುಕ, ಅದನ್ನು ಮಕ್ಕಳಿಂದ ಮರೆಮಾಚಬೇಕಿಲ್ಲ. ಅವನ ಕನ್ನಡಪ್ರೀತಿಯ ಹಾಡಿಗೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ‘ರತ್ನನ ಪದಗಳು’ ಪುಸ್ತಕವನ್ನು ತೆರೆದಾಗಲಾದರೋ ಅವನ ಬಡತನ, ನಂಜಿಯ ಮೇಲಿನ ಅಕ್ಕರೆ, ಬದುಕಿನ ತಿಳಿವು ಎಲ್ಲವೂ ಕಾಣುತ್ತವೆ. ಆಡುಮಾತೂ ಗ್ರಂಥಕ್ಕೆ ಅರ್ಹವೆಂಬುದನ್ನು ಅವನು ತೋರಿಸಿಕೊಟ್ಟ. ತಮ್ಮ ಮನೆಯ ಕನ್ನಡ ಪಠ್ಯಪುಸ್ತಕದ ಕನ್ನಡದಂತಿಲ್ಲವೆಂದು ಅಳುಕುವ ನಮ್ಮ ಮಕ್ಕಳಿಗೆ ಇದು ದೊಡ್ಡ ಧೈರ್ಯ.

ಈ ದಾರಿ ಒಮ್ಮುಖವೂ ಅಲ್ಲ. ಪುಣ್ಯಕೋಟಿಯ ಹಾಡಿನ ಸಾಲೊಂದು ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಗೆ ಹೆಸರಾಯಿತು.

ಇದನ್ನೆಲ್ಲ ಇಂದು ಹೇಳುವುದಕ್ಕೆ ಕಾರಣವುಂಟು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಮಾತಾಗಿ ಉಳಿದಿದೆ, ಅಕ್ಷರವಾಗಿ ಉಳಿದಿಲ್ಲ. ಬಸ್ಸಿನ ಫಲಕವೂ ಅಂಗಡಿಯ ಚೀಟಿಯೂ ತಮಿಳಿನಲ್ಲಿವೆ. ತಮಿಳು ನಮಗೆ ಅನ್ನ ಕೊಡುವ ಭಾಷೆ, ಅದನ್ನು ಗೌರವದಿಂದಲೇ ಕಲಿಯುತ್ತೇವೆ. ಆದರೆ ಹಾಡಿಗೆ ಕಿವಿ ಸಾಕು, ಹೊತ್ತಗೆಗೆ ಅಕ್ಷರ ಬೇಕು. ಅಕ್ಷರ ತಪ್ಪಿದ ಮನೆಯಲ್ಲಿ ಹಾಡು ಒಂದೆರಡು ತಲೆಮಾರು ಗುನುಗಾಗಿ ಉಳಿದು, ಬಳಿಕ ಅರ್ಥವನ್ನೂ ಕಳೆದುಕೊಳ್ಳುತ್ತದೆ. ಆ ಅಕ್ಷರವನ್ನು ಕೈಗಿಡುವುದೇ ಈ ಶಾಲೆಯ ಕೆಲಸ.

ಆದುದರಿಂದ ಮಕ್ಕಳೇ, ಪ್ರಾರ್ಥನಾಸಭೆಯಲ್ಲಿ ಹಾಡುವಾಗ ಕವಿಯ ಹೆಸರನ್ನೂ ಪುಸ್ತಕದ ಹೆಸರನ್ನೂ ಹೇಳಿ. ಅದೇ ಪುಸ್ತಕದಿಂದ ಯಾರೂ ಹಾಡದ ಒಂದು ಕವಿತೆಯನ್ನು ಓದಿ. ಪೋಷಕರೇ, ಸಂಜೆ ಕಾಲು ಗಂಟೆ ಮಕ್ಕಳಿಂದ ಓದಿಸಿ ಕೇಳಿ. ನಿಮಗೆ ಲಿಪಿ ಬಾರದಿದ್ದರೂ ಚಿಂತೆಯಿಲ್ಲ. ಕೇಳುವವರಿದ್ದರೆ ಮಕ್ಕಳು ಓದುತ್ತಾರೆ.