ನೋಡುವವರಿಗೂ ಹಾಜರಿ ಕೊಡಿ



  ಮೂವತ್ತೊಂದು ವರ್ಷ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಂತವನು ನಾನು. ಈ ಸಮ್ಮೇಳನದ ಅಧ್ಯಕ್ಷನಾಗಿ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಓದಿಗೆ ಹೆಸರಾದ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಡುವವರಿದ್ದಾರೆ, ನೋಡುವವರಿಲ್ಲ.

ಒಮ್ಮೆ ಅಂತರ ಕಾಲೇಜು ಮಹಿಳಾ ಕಬಡ್ಡಿ ಫೈನಲ್ ನಮ್ಮ ಅಂಗಳದಲ್ಲೇ ನಡೆಯಿತು. ಕೊನೆಯ ರೈಡಿನಲ್ಲಿ ನಮ್ಮ ಹುಡುಗಿ ಇಬ್ಬರನ್ನು ಮುಟ್ಟಿ, ಗೆರೆಗೆ ಬೆರಳು ತಾಗಿಸಿ, ಒಂದು ಅಂಕದಿಂದ ಪಂದ್ಯ ಗೆಲ್ಲಿಸಿದಳು. ಎದ್ದವಳೇ ಸುತ್ತ ನೋಡಿದಳು. ಅಂಕ ಬರೆಯುವವರು, ಎದುರು ತಂಡದ ಕೋಚ್, ಆಂಬುಲೆನ್ಸ್ ಚಾಲಕ, ನೀರಿನ ಕ್ಯಾನ್ ತಂದ ಅಟೆಂಡರ್, ಅಷ್ಟೇ ಜನ. ನೂರು ಗಜ ದೂರದ ಕಟ್ಟಡದಲ್ಲಿ ಅವಳ ಸಹಪಾಠಿಗಳೆಲ್ಲ ಕೂತಿದ್ದರು. ಅವಳ ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

‘ಈಗಿನ ಮಕ್ಕಳಿಗೆ ಮೊಬೈಲ್ ಸಾಕು, ಆಟದ ಮೇಲೆ ಅಭಿಮಾನವಿಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರ್‌ಸಿಬಿ ಪಂದ್ಯದ ರಾತ್ರಿ ಯಾವುದಾದರೂ ಹಾಸ್ಟೆಲ್ಲಿನ ಟಿವಿ ಕೋಣೆಗೆ ಹೋಗಿ ನೋಡಿ, ಕಾಲಿಡಲು ಜಾಗವಿರುವುದಿಲ್ಲ. ಅಭಿಮಾನ ಇದೆ. ಅದನ್ನು ಮೈದಾನಕ್ಕೆ ಬರದಂತೆ ತಡೆದಿರುವುದು ನಮ್ಮ ಹಾಜರಿ ಪುಸ್ತಕ.

ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಡುವವರಿಗೆ ನಾವು ‘ಆನ್ ಡ್ಯೂಟಿ’ ಪತ್ರ ಬರೆದುಕೊಡುತ್ತೇವೆ, ಅದಕ್ಕೂ ಹತ್ತು ಬಾಗಿಲು ತಟ್ಟಬೇಕು. ನೋಡಲು ಬಂದವನು ಮಾತ್ರ ಗೈರುಹಾಜರಿ. ಇನ್ನೊಬ್ಬರ ಗೆಲುವಿಗೆ ಚಪ್ಪಾಳೆ ತಟ್ಟಲು ಬಂದ ಹುಡುಗನಿಗೂ ಸಿನಿಮಾಕ್ಕೆ ಹೋದವನಿಗೂ ನಮ್ಮ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್, ಪ್ರಾಕ್ಟಿಕಲ್ ಎಲ್ಲವೂ ಪಂದ್ಯದ ದಿನಗಳ ಮೇಲೇ ಬೀಳುತ್ತವೆ. ವೇಳಾಪಟ್ಟಿ ಮಾಡುವಾಗ ದೈಹಿಕ ಶಿಕ್ಷಣ ನಿರ್ದೇಶಕನನ್ನು ಕರೆದು ಕೇಳಿದ ಒಂದು ಕಾಲೇಜನ್ನೂ ನಾನು ನೋಡಿಲ್ಲ. ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚಿನದು. ಪಂದ್ಯ ಶುರುವಾಗುವುದು ನಾಲ್ಕೂವರೆಗೆ, ಊರಿನ ಬಸ್ಸು ಹೊರಡುವುದು ಐದಕ್ಕೆ. ಮೈದಾನದ ಬಳಿ ಅವರಿಗೊಂದು ಶೌಚಾಲಯ ಇರುವುದಿಲ್ಲ. ಬಾ ಎಂದು ಯಾವ ಮುಖದಿಂದ ಕರೆಯಲಿ?

ಹದಿನಾಲ್ಕು ವರ್ಷದ ಹಿಂದೆ, ನೋಡುವವರಿಗೂ ಹಾಜರಿ ಕೊಡಿ ಎಂದು ಬರೆದು ವಿದ್ಯಾವಿಷಯಕ ಪರಿಷತ್ತಿಗೆ ಒಯ್ದಿದ್ದೆ. ಹಿರಿಯ ಸದಸ್ಯರೊಬ್ಬರು ‘ಇದು ವಿದ್ಯಾಲಯ, ಜಾತ್ರೆಯಲ್ಲ’ ಎಂದು ಕಾಗದ ಪಕ್ಕಕ್ಕಿಟ್ಟರು. ಷಿಕಾಗೋ ವಿಶ್ವವಿದ್ಯಾಲಯ ಫುಟ್‌ಬಾಲ್ ಬಿಟ್ಟೇ ದೊಡ್ಡದಾಯಿತು ಎಂಬ ಪಾಠವನ್ನೂ ಹೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿಕೊಂಡೆ. ಅಮೆರಿಕದ ಕಾಲೇಜು ಫುಟ್‌ಬಾಲಿನ ಹೈಸ್‌ಮನ್ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್ವಾಂಗರ್ ಷಿಕಾಗೋದ ವಿದ್ಯಾರ್ಥಿ. 1939ರಲ್ಲಿ ಅಲ್ಲಿನ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ ತಂಡವನ್ನೇ ನಿಲ್ಲಿಸಿದರು. ತಂಡವಿಲ್ಲದ ಆ ಸ್ಟ್ಯಾಗ್ ಫೀಲ್ಡ್ ಗ್ಯಾಲರಿಯ ಕೆಳಗೇ 1942ರ ಡಿಸೆಂಬರ್ 2ರಂದು ವಿಜ್ಞಾನಿ ಫರ್ಮಿಯವರ ತಂಡ ಪರಮಾಣು ಸರಪಣಿ ಕ್ರಿಯೆಯನ್ನು ಸಾಧಿಸಿತು. ಸದಸ್ಯರು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದರು. 1969ರಲ್ಲಿ ಅದೇ ವಿಶ್ವವಿದ್ಯಾಲಯ ತಂಡವನ್ನು ಮತ್ತೆ ಕಟ್ಟಿತು. ಇಂದಿಗೂ ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವಿಲ್ಲ. ಓದುವ ಹುಡುಗರೇ ಆಡುತ್ತಾರೆ. ಓದು ಕೆಟ್ಟಿತೆಂದು ಯಾರೂ ಹೇಳಿಲ್ಲ.

ಅಷ್ಟು ದೂರ ಏಕೆ? ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಕ್ರಿಕೆಟ್ ಆಡಿ, ಪದವಿ ಮುಗಿಸಲೆಂದು ಹಿಂದೆ ಸರಿದು, 1967ರಲ್ಲಿ ಮರಳಿದರು. ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಇಬ್ಬರೂ ಇಂಜಿನಿಯರಿಂಗ್ ಪದವೀಧರರು. ಓದು ಬೇರೆ, ಆಟ ಬೇರೆ ಎನ್ನುವವರು ಈ ಮೂವರ ಹೆಸರನ್ನು ಹೇಳುವುದೇ ಇಲ್ಲ.

ಇನ್ನು ಆಗಬೇಕಾದ್ದು. ಪ್ರತಿ ಸೆಮಿಸ್ಟರಿನಲ್ಲಿ ಸ್ವಂತ ಮೈದಾನದ ನಾಲ್ಕು ಪಂದ್ಯಗಳನ್ನು ಮೊದಲ ವಾರದಲ್ಲೇ ಗೊತ್ತುಮಾಡಿ, ಆ ದಿನ ಮೂರು ಗಂಟೆಯ ನಂತರ ಪಾಠ, ಪರೀಕ್ಷೆ ಬೇಡ. ಬಂದವರ ಹಾಜರಿಯನ್ನು ಮೈದಾನದಲ್ಲೇ ಹಾಕಿ. ನಾಲ್ಕರಲ್ಲಿ ಎರಡು ಮಹಿಳೆಯರ ಪಂದ್ಯ ಆಗಿರಲಿ. ವಿದ್ಯಾರ್ಥಿಗಳಿಂದ ವಸೂಲು ಮಾಡುವ ಕ್ರೀಡಾ ಶುಲ್ಕದಲ್ಲಿ ಒಂದು ಪಾಲು ನೆರಳು, ನೀರು, ಶೌಚಾಲಯಕ್ಕೆ ಹೋಗಲಿ. ಸಂಜೆ ಆರೂವರೆಗೆ ಒಂದು ಬಸ್ಸು ಇರಲಿ. ಸೀಟಿ ಹೊಡೆದು ಹುಡುಗಿಯರನ್ನು ಗೇಲಿ ಮಾಡುವವರನ್ನು ನಾವೇ ಎಬ್ಬಿಸಿ ಹೊರಗೆ ಕಳಿಸೋಣ. ಪ್ರತಿ ಕಾಲೇಜಿಗೂ ತನ್ನದೇ ಡೊಳ್ಳಿನ ತಂಡ, ಕಲ್ಲಿನ ಮೆಟ್ಟಿಲುಗಳ ಗ್ಯಾಲರಿ, ಕುಲಪತಿಗಳೂ ಜನರ ನಡುವೆ ಕೂತು ಕೂಗುವ ದಿನ, ಇವೂ ನನ್ನ ಆಸೆಗಳು.

    

ಹಾಜರಿಯ ನಿರ್ಣಯವನ್ನು ಮಧ್ಯಾಹ್ನದ ಅಧಿವೇಶನದಲ್ಲಿ ನಾನೇ ಮಂಡಿಸುತ್ತೇನೆ. ಚರ್ಚೆಯನ್ನು ಮೂರೂವರೆಗೆ ಮುಗಿಸೋಣ. ನಾಲ್ಕಕ್ಕೆ ಇದೇ ಆವರಣದ ಹಿಂದೆ ಮಹಿಳೆಯರ ಖೋಖೋ ಪಂದ್ಯವಿದೆ. ಎಲ್ಲರೂ ಅಲ್ಲಿರಬೇಕು.