ಪ್ರಶ್ನೆಗೆ ಹೆದರದ ಬಿಷಪ್



1860ರ ಇಂಗ್ಲೆಂಡ್. ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗ ಏಳು ಮಂದಿ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಧರ್ಮಸಭೆಯವರು, ಸೇರಿ ‘ಎಸ್ಸೇಸ್ ಅಂಡ್ ರಿವ್ಯೂಸ್’ ಎಂಬ ಪ್ರಬಂಧ ಸಂಕಲನ ತಂದರು. ಉಳಿದ ಪ್ರಾಚೀನ ಗ್ರಂಥಗಳನ್ನು ಓದುವ ಎಚ್ಚರದಲ್ಲೇ ಬೈಬಲ್ಲನ್ನೂ ಓದಬೇಕು ಎಂಬುದು ಅದರಲ್ಲಿದ್ದ ಒಂದು ವಾದ. ದೊಡ್ಡ ಗದ್ದಲವೇ ಎದ್ದಿತು. ಸುಮಾರು 11,000 ಪಾದ್ರಿಗಳು ವಿರೋಧದ ಹೇಳಿಕೆಗೆ ಸಹಿ ಹಾಕಿದರು. 1864ರಲ್ಲಿ ಧರ್ಮಸಭೆಯೇ ಆ ಪುಸ್ತಕವನ್ನು ಖಂಡಿಸಿತು.

ಆ ಏಳು ಜನರಲ್ಲಿ ಫ್ರೆಡರಿಕ್ ಟೆಂಪಲ್ ಒಬ್ಬರು, ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರು. 1869ರಲ್ಲಿ ಅವರನ್ನು ಎಕ್ಸೆಟರಿನ ಬಿಷಪ್ ಎಂದು ಹೆಸರಿಸಿದಾಗ ಮತ್ತೆ ಕೂಗೆದ್ದಿತು. ಪದವಿಗೇರಿದ ಮೇಲೆ ಅವರು ತಮ್ಮ ಪ್ರಬಂಧವನ್ನು ಹಿಂತೆಗೆದುಕೊಂಡದ್ದೂ ಉಂಟು. ಸಂತರ ಕಥೆಯಲ್ಲಿ ಇಂಥದ್ದನ್ನು ಬಿಟ್ಟುಬಿಡುತ್ತಾರೆ! ಆದರೆ ಯೋಚನೆಯನ್ನು ಅವರು ಬಿಡಲಿಲ್ಲ. 1884ರಲ್ಲಿ ಆಕ್ಸ್‌ಫರ್ಡಿನಲ್ಲಿ ಧರ್ಮ ಮತ್ತು ವಿಜ್ಞಾನ ಕುರಿತು ಸರಣಿ ಉಪನ್ಯಾಸ ಕೊಟ್ಟರು. ಒಂದೊಂದು ಜೀವಿಯನ್ನೂ ಬೇರೆಬೇರೆಯಾಗಿ ಮಾಡುವ ದೇವರಿಗಿಂತ, ತಾನೇ ವಿಕಾಸಗೊಳ್ಳುವ ಶಕ್ತಿಯನ್ನು ಸೃಷ್ಟಿಯೊಳಗೆ ಇಟ್ಟ ದೇವರು ಇನ್ನೂ ದೊಡ್ಡವನಲ್ಲವೇ ಎಂಬುದು ಅವರ ವಾದದ ತಿರುಳು. ಇದೇ ಟೆಂಪಲ್ 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಆಯ್ಕೆಯಾದರು.

ನಂಬಿಕೆಯ ಜೊತೆಗೇ ಯೋಚನೆಯನ್ನೂ ಇಟ್ಟುಕೊಳ್ಳುವ ಈ ರೀತಿಯೇ ಅಪ್ಪಟ ಆಂಗ್ಲಿಕನ್ ಜಾಡು. ಹದಿನಾರನೆಯ ಶತಮಾನದಲ್ಲೇ ಆಂಗ್ಲಿಕನ್ ಚಿಂತಕ ರಿಚರ್ಡ್ ಹೂಕರ್ ಶಾಸ್ತ್ರದ ಪಕ್ಕದಲ್ಲಿ ವಿವೇಕಕ್ಕೂ ಜಾಗ ಕೊಟ್ಟಿದ್ದರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಮೂಲಕ ಆ ಪರಂಪರೆಯ ಒಂದು ಎಳೆ ನಮ್ಮಲ್ಲಿಗೂ ಬಂದಿದೆ. ನೋಹನ ನಾವೆಯಲ್ಲಿ ಡೈನೋಸಾರ್ ಇತ್ತೇ ಎಂದು ಕೇಳಿದ ಮಗುವನ್ನು ಗದರಿಸಿ ಕೂರಿಸುವ ಭಾನುವಾರದ ಶಾಲೆಯ ಮೇಷ್ಟ್ರು ಯಾರಾದರೂ ಇದ್ದರೆ, ಟೆಂಪಲ್ ಅವರ ಉಪನ್ಯಾಸಗಳನ್ನು ಒಮ್ಮೆ ತಿರುವಿ ನೋಡಬಹುದು.